ನೀರಿಲ್ಲದ ಕಾಯಿ

ಐರ್ಲೆಂಡಿನ ಅತ್ಲೋನ್ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಬರುತ್ತಿತ್ತು. ಬಾರದೆ ಇದ್ದಿದ್ದರೆ ಬೇರೆ ಯಾವುದೋ ಊರಿನಲ್ಲಿ ಇಳಿದೆನೇನೋ ಎಂದು ಅನುಮಾನ ಬರುತ್ತಿತ್ತು. ರಿಂಗಾಸ್ಕಿಡಿ ಎಂಬ ಬಂದರೂರಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಈ ಊರು ಬಿಟ್ಟ ಮೇಲೂ ಪ್ರತಿ ವರ್ಷ ಆಯುಧಪೂಜೆಯ ಹೊತ್ತಿಗೆ ಒಂದು ದಿನ ರಜೆ ಹಾಕಿ ಇಲ್ಲಿಗೆ ಬರುತ್ತೇನೆ. ಊರಾಚೆ ನಾವು ಪ್ರಯೋಗ ಮಾಡುತ್ತಿದ್ದ ಶೆಡ್ಡಿನ ಬಾಗಿಲು ತಳ್ಳಿದರೆ ಸಾಕು, ಆ ವಾಸನೆ ಮುಖಕ್ಕೆ ಬಡಿಯುತ್ತದೆ. ಕಾದ ಕಲ್ಲಿನ ವಾಸನೆ. ಬೇಸಿಗೆಯ ಸಂಜೆ ವಿಜಯಪುರದ ನಮ್ಮ ಮಾಳಿಗೆಗೆ ನೀರು ಹೊಯ್ದರೆ ಏಳುತ್ತದಲ್ಲ, ಅದರ ಅಣ್ಣ ಎನ್ನಬೇಕು. ಅದು ಮೂಗಿಗೆ ಬಿದ್ದ ಕೂಡಲೇ ಇವತ್ತಿಗೂ ಆ ಒಂದು ವರ್ಷದ ಶರತ್ಕಾಲ ಎದುರಿಗೆ ಬಂದು ನಿಲ್ಲುತ್ತದೆ.

ನನ್ನ ಹೆಸರು ಶಬಾನಾ. ವಿಜಯಪುರದವಳು, ಅಂದರೆ ಕರಿಗಲ್ಲಿನ ಮೇಲೆ ಹುಟ್ಟಿದವಳು. ನಮ್ಮ ಕಡೆಯ ಕೋಟೆ, ಬಾವಿ, ಹೊಲದ ಬದು ಎಲ್ಲವೂ ಬಸಾಲ್ಟ್ ಕಲ್ಲು, ಒಂದು ಕಾಲದಲ್ಲಿ ನೆಲದಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾ. ಪುಸ್ತಕದಲ್ಲಿ ಬಸಾಲ್ಟ್ ಲಾವಾ ಎಂದರೆ ಸಾಧು ಲಾವಾ. ದೋಸೆ ಹಿಟ್ಟು ತೆಳ್ಳಗಿದ್ದಂತೆ ಇರುತ್ತದೆ, ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಹೋಗಿಬಿಡುತ್ತದೆ, ಉಳಿದದ್ದು ತನ್ನ ಪಾಡಿಗೆ ತಾನು ಹರಿಯುತ್ತದೆ. ಜನ ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಮೆತ್ತಗಿನವರು ರೇಗಿದರೆ ಹಿಡಿಯಲಾಗದು ಎನ್ನುತ್ತಾರಲ್ಲ, ಇದೂ ಹಾಗೆಯೇ. ಮೇಲೇರುವಾಗ ಬೇಗ ಗಟ್ಟಿಯಾಗಿ ಒಳಗಿನ ಗಾಳಿಗೆ ದಾರಿ ಕಟ್ಟಿದರೆ, ಇಲ್ಲವೇ ಎಲ್ಲಾದರೂ ನೀರಿನ ಮೇಲೆ ಕೂತು ಅದನ್ನು ತಪ್ಪಿಸಿಕೊಳ್ಳದಂತೆ ಅದುಮಿಹಿಡಿದರೆ, ಇದೇ ಸಾಧು ಲಾವಾ ಸಿಡಿದು ಪುಡಿಪುಡಿಯಾಗುತ್ತದೆ. ನಾನು ಐರ್ಲೆಂಡಿಗೆ ಬಂದದ್ದು ಆ ಎರಡನೆಯದನ್ನು ಓದಲಿಕ್ಕೆ. ಈ ದೇಶದಲ್ಲಿ ಜ್ವಾಲಾಮುಖಿ ಎಲ್ಲಿದೆಯೇ ತಾಯಿ ಎಂದು ನಮ್ಮಮ್ಮ ಕೇಳಿದ್ದರು. ಇಲ್ಲಿಂದ ಕಾರಿನಲ್ಲಿ ಹೋದರೆ, ಬೋಗ್ ಎನ್ನುವ ಕೆಸರು ನೆಲದ ಆಚೆ ಕ್ರೋಹನ್ ಎಂಬ ಗುಡ್ಡವಿದೆ. ಮೇಲೆ ದನ ಮೇಯುತ್ತವೆ. ಆಳವಿಲ್ಲದ ಸಮುದ್ರ ಇಲ್ಲೆಲ್ಲ ಹಬ್ಬಿದ್ದ ಕಾಲದಲ್ಲಿ ಅದು ಸಿಡಿದ ಬಸಾಲ್ಟ್ ಜ್ವಾಲಾಮುಖಿ. ಅಲ್ಲಿಯ ಕಲ್ಲು ನಮ್ಮ ಕಡೆಯದರ ಹಾಗೆ ನುಣ್ಣಗೆ ಇರುವುದಿಲ್ಲ, ಒಡೆದ ಚೂರುಗಳೆಲ್ಲ ಅಂಟಿಕೊಂಡ ಹಾಗೆ ಇರುತ್ತದೆ.

ಶೆಡ್ಡಿನಲ್ಲಿ ನಾವು ಆ ಸಿಡಿತವನ್ನೇ ಸಣ್ಣದಾಗಿ ಮಾಡಿ ನೋಡುತ್ತಿದ್ದೆವು. ಬಸಾಲ್ಟ್ ಜಲ್ಲಿಯನ್ನು ದೊಡ್ಡ ಮೂಸೆಯಲ್ಲಿ ಹಾಕಿ, ಗ್ಯಾಸ್ ಕುಲುಮೆಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕಾಯಿಸಿದರೆ ಕರಗಿ ಲಾವಾ ಆಗುತ್ತದೆ. ಅದನ್ನು ಉಕ್ಕಿನ ತೊಟ್ಟಿಗೆ ಸುರಿದು, ಕೆಳಗಿನಿಂದ ಲೆಕ್ಕ ಹಾಕಿದಷ್ಟೇ ನೀರು ಬಿಡುವುದು. ಆ ಹೊತ್ತಿಗೆ ಎಲ್ಲರೂ ದಪ್ಪ ಗೋಡೆಯ ಹಿಂದೆ ಇರುತ್ತಾರೆ, ಕ್ಯಾಮೆರಾಗಳು ಮಾತ್ರ ಹೊರಗೆ. ಆದರೆ ಪ್ರತಿ ಸೀಸನ್ನಿನ ಮೊದಲ ಸುರಿತ ಮಾತ್ರ ನೀರಿಲ್ಲದ್ದು. ಯಂತ್ರವೆಲ್ಲ ಸರಿಯಿದೆಯೇ ಎಂದು ನೋಡಲಿಕ್ಕೆ. ಒಣ ಸುರಿತ ಎನ್ನುತ್ತಿದ್ದೆವು. ಆ ದಿನ ಯಾರೂ ಗೋಡೆಯ ಹಿಂದೆ ಹೋಗುವುದಿಲ್ಲ. ಅತಿಥಿಗಳು ಬಂದು ಹಳದಿ ಗೆರೆಯ ಆಚೆ ನಿಲ್ಲುತ್ತಾರೆ, ಮೂಸೆಯನ್ನು ಬಾಗಿಸುವವನು ತೊಟ್ಟಿಯ ಪಕ್ಕದಲ್ಲೇ ನಿಂತು ಕೈಯಿಂದ ಚಕ್ರ ತಿರುಗಿಸುತ್ತಾನೆ. ಹಾಗಾಗಿ ಹಳದಿ ಗೆರೆಯೊಳಗೆ ಒಂದು ತೊಟ್ಟು ನೀರೂ ಬರಕೂಡದು ಎನ್ನುವುದು ಆ ಶೆಡ್ಡಿನ ಮೊದಲ ನಿಯಮ.

ಚಕ್ರ ತಿರುಗಿಸುವವನು ಡೋನಲ್. ಕುಲುಮೆಯ ಉಸ್ತುವಾರಿ ಅವನದು. ಕೆಂಪು ಮುಖದ, ಒದ್ದೆ ಕೊಡೆ ಹಿಡಿದು ಒಳಗೆ ಬಂದರೆ ಪ್ರೊಫೆಸರನ್ನೂ ಬಿಡದೆ ಗದರುವ ಮನುಷ್ಯ. ಆ ಶರತ್ಕಾಲ ಅವನಿಗೆ ಮಗಳ ಮದುವೆ ಹತ್ತಿರ ಬಂದಿತ್ತು. ಚರ್ಚಿನಲ್ಲಿ ಮಗಳ ಕೈ ಹಿಡಿದು ಹೇಗೆ ನಡೆಯಬೇಕೆಂದು ಚಹಾ ಹೊತ್ತಿನಲ್ಲಿ ನನ್ನ ಕೈ ಹಿಡಿದು ಶೆಡ್ಡಿನ ತುಂಬ ನಡೆದು ತೋರಿಸುತ್ತಿದ್ದ. ತಂಡದ ಮುಖ್ಯಸ್ಥೆ ಓರ್ಲಾ, ನಮ್ಮ ಪ್ರೊಫೆಸರ್. ಉಳಿದವನು ಲೋಕೇಶ.

ಲೋಕೇಶ ತಿಪಟೂರಿನವನು. ನನ್ನ ಜೊತೆಯಲ್ಲೇ ಮಾಸ್ಟರ್ಸ್ ಓದಿ, ನನ್ನ ಜೊತೆಯಲ್ಲೇ ಆ ತಂಡಕ್ಕೆ ಸೇರಿದವನು. ನಾವಿಬ್ಬರೂ ದಿನಕ್ಕೊಮ್ಮೆ ಜಗಳವಾಡದಿದ್ದರೆ ಡೋನಲ್ ಬಂದು ಮೈ ಹುಷಾರಿಲ್ಲವೇ ಎಂದು ಕೇಳುತ್ತಿದ್ದ. ಆ ವರ್ಷ ಲೋಕೇಶನಿಗೆ ಏನೂ ಕೂಡಿಬರಲಿಲ್ಲ. ಪರೀಕ್ಷೆಗೆಂದು ಕಾಯಿಸಿದ ಮೂಸೆಗಳು ಒಂದರ ಹಿಂದೊಂದು ಬಿರುಕುಬಿಟ್ಟವು. ಕೊನೆಗೆ ಉಳಿದದ್ದು ಒಂದೇ ಮೂಸೆ. ಅವನ ತಾಯಿ ದಿನಾ ಫೋನಿನಲ್ಲಿ, "ಯಂತ್ರಕ್ಕೆ ಕಣ್ಣಾಗೈತೆ ಕಣಪ್ಪ, ಆಯುಧಪೂಜೆ ಬತ್ತೈತಲ್ಲ, ಒಂದು ಕಾಯಿ ಒಡೆದ್ಬಿಡು," ಎನ್ನುತ್ತಿದ್ದರು. ಒಣ ಸುರಿತದ ದಿನವೂ ಆಯುಧಪೂಜೆಯ ದಿನವೂ ಒಂದೇ ಆಗಿದ್ದು ದೇವರೇ ಮಾಡಿದ ಏರ್ಪಾಡು ಎಂದು ಅವನಿಗೆ ಅನಿಸಿರಬೇಕು.

ಆ ದಿನ ನಾನು ಶೆಡ್ಡಿಗೆ ಬರುವ ಹೊತ್ತಿಗೆ ಕುಲುಮೆ ಹೊತ್ತಿಸಿಯಾಗಿತ್ತು. ಮಧ್ಯಾಹ್ನ ಅತಿಥಿಗಳು ಬರುವ ಮುನ್ನ ಹೊರಗಿನ ಚಹಾ ಕೋಣೆಯಲ್ಲಿ ಲೋಕೇಶ ಒಂದು ಡಬ್ಬಿ ಚಾಚಿದ. ಬಾಳೆಹಣ್ಣು, ಕಾಯಿ ಹೋಳು.

"ತಗೋ, ಮೆಷೀನ್ ಪ್ರಸಾದ."

"ಒಬ್ಬನ ಪೂಜಿ ಮಾಡಿ ಮುಗಿಸಿದೇನು? ನನ್ನ ಕರೀಬಾರದಾ?" ಎಂದೆ.

"ನೀನು ಎದ್ದೇಳೋಷ್ಟ್ರಲ್ಲಿ ರಾಹುಕಾಲ ಬಂದ್ಬಿಡುತ್ತೆ. ಒಲೆ ಹಚ್ಚೋಕ್ ಮುಂಚೆ ಮಾಡ್ದೆ, ಡೋನಲ್ ಬೀಗ ತೆಗೆದುಕೊಟ್ಟ."

"ಐರ್ಲೆಂಡಿನ ರಾಹುಕಾಲ ನಿನಗ ಯಾರು ಹೇಳಿದ್ರು?"

"ಅಮ್ಮ ಲೆಕ್ಕ ಹಾಕಿ ವಾಟ್ಸಾಪ್ ಮಾಡಿದ್ರು," ಎಂದು ನಕ್ಕ. ಬಹಳ ದಿನಗಳ ಮೇಲೆ ಅವನು ನಕ್ಕಿದ್ದು. "ಕಾಯಿ ಹೆಂಗೈತೆ ಹೇಳು. ಏಷ್ಯನ್ ಅಂಗಡೀಲಿ ಇದ್ದವನ್ನೆಲ್ಲ ಅಲ್ಲಾಡ್ಸಿ ಅಲ್ಲಾಡ್ಸಿ ಆರಿಸ್ದೆ. ತಿಪಟೂರಿನ ಕೈ ಇದು. ಒಳಗೆ ತುಂಬ ನೀರಿತ್ತು."

ಕಾಯಿ ಸಿಹಿಯಾಗಿತ್ತು. ತಿಂದೆ. ನನಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ನಮ್ಮಪ್ಪನದು ಲೇಥ್ ಅಂಗಡಿ. ಐದು ಹೊತ್ತು ನಮಾಜು ಮಾಡುವ ಅಪ್ಪನೇ ಆಯುಧಪೂಜೆಯ ದಿನ ಮುಂದೆ ನಿಂತು ಲೇಥಿಗೆ ಚೆಂಡು ಹೂವಿನ ಹಾರ ಹಾಕಿಸುತ್ತಿದ್ದರು. "ಮಷೀನು ಅನ್ನ ಕೊಡ್ತದ, ಅದಕ್ಕ ಯಾವ ಜಾತಿ," ಎನ್ನುತ್ತಿದ್ದರು. ಕೆಲಸದ ಬಸಪ್ಪಣ್ಣ ಲೇಥಿನ ಕೆಳಗಿನ ಉಕ್ಕಿನ ಮೂಲೆಗೆ ಕಾಯಿ ಕುಕ್ಕಿ ಒಡೆಯುತ್ತಿದ್ದ, ನೀರು ಅದರ ಬುಡಕ್ಕೆ ಹರಿಯುತ್ತಿತ್ತು. ಯಂತ್ರಕ್ಕೆ ಕಾಯಿ ಒಡೆಯುವುದು ಎಂದರೆ ನನ್ನ ಕಣ್ಣಿಗೆ ಅದೇ ಚಿತ್ರ.

ಮಧ್ಯಾಹ್ನ ಎಲ್ಲರೂ ಬೆಳ್ಳಿ ಬಣ್ಣದ ಕೋಟು, ಮುಖಕ್ಕೆ ಗಾಜು, ಕಿವಿಗೆ ಹೆಡ್‌ಸೆಟ್ ತೊಟ್ಟು ನಿಂತೆವು. ಅತಿಥಿಗಳು ಹಳದಿ ಗೆರೆಯ ಆಚೆ ಫೋನು ಎತ್ತಿ ಹಿಡಿದಿದ್ದರು. ತೊಟ್ಟಿಯ ತಳಕ್ಕೆ ಹಾಸಿದ ಮರಳಿಗೆ ಬರ್ನರ್ ಹಿಡಿದು ಒಣಗಿಸಿಯಾಗಿತ್ತು. ಲೋಕೇಶ ತೊಟ್ಟಿಯ ಎಡಕ್ಕೆ ಕ್ಯಾಮೆರಾ ಹಿಡಿದು, ಡೋನಲ್ ಬಲಕ್ಕೆ ಚಕ್ರ ಹಿಡಿದು. ಓರ್ಲಾ "ಎಲ್ಲ ಸರಿಯೇ?" ಎಂದು ಕೇಳಿದಳು. ಡೋನಲ್ "ಗ್ರಾಂಡ್" ಎಂದ. ಚಕ್ರ ತಿರುಗಿತು. ಮೂಸೆಯ ಬಾಯಲ್ಲಿ ಕಿತ್ತಳೆ ಬೆಳಕು ಕಾಣಿಸಿತು, ಶೆಡ್ಡಿನ ಗೋಡೆಗಳೆಲ್ಲ ಕೆಂಪಾದವು.

ಆ ಬೆಳಕಿನಲ್ಲಿ ತೊಟ್ಟಿಯ ಡೋನಲ್ ಕಡೆಯ ಮೂಲೆಯಲ್ಲಿ ನನಗೆ ಕುಂಕುಮದ ಬೊಟ್ಟು ಕಾಣಿಸಿತು.

ಮೊದಲು ಏನೂ ಅನಿಸಲಿಲ್ಲ. ಆಮೇಲೆ ಬಸಪ್ಪಣ್ಣನ ಕೈ, ಲೇಥಿನ ಮೂಲೆ, ಬುಡಕ್ಕೆ ಹರಿಯುವ ನೀರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆ ಮೂಲೆಯಲ್ಲೇ ತೊಟ್ಟಿಯ ತಳಕ್ಕೆ ಒಂದು ತೂತಿದೆ. ಮುಂದಿನ ಪ್ರಯೋಗಗಳಲ್ಲಿ ನೀರಿನ ಕೊಳವೆ ಕೂರಿಸಲಿಕ್ಕೆ ಇಟ್ಟ ತೂತು, ಮೇಲೆ ಮರಳು ಮುಚ್ಚಿರುತ್ತದೆ. ಅದರ ಕೆಳಗೆ ತಣ್ಣನೆಯ ಕಾಂಕ್ರೀಟ್ ಗುಂಡಿ. ಬರ್ನರಿನ ಬಿಸಿ ಅಲ್ಲಿಗೆ ಮುಟ್ಟುವುದಿಲ್ಲ.

ನಾನು ಹೆಡ್‌ಸೆಟ್ಟಿನಲ್ಲಿ ಕನ್ನಡದಲ್ಲೇ ಕೇಳಿದೆ. "ಲೋಕೇಶ, ಕಾಯಿ ಎಲ್ಲಿ ಒಡದಿ?"

"ಏನು? ಈಗ್ಯಾಕೆ?"

"ಎಲ್ಲಿ ಒಡದಿ ಹೇಳು."

"ತೊಟ್ಟಿ ಮೂಲೇಲಿ."

"ನೀರು ಎಲ್ಲಿ ಹೋತು?"

ಅವನ ಕ್ಯಾಮೆರಾ ನಿಧಾನ ಕೆಳಗೆ ಇಳಿಯಿತು. ಓರ್ಲಾ "ಏನಾದರೂ ತೊಂದರೆಯೇ?" ಎಂದು ಕೇಳಿದಳು. ಮೂಸೆ ಇನ್ನೂ ಬಾಗುತ್ತಿತ್ತು.

"ಕೆಳಗೋಯ್ತು," ಎಂದ ಲೋಕೇಶ. "ಚೊಂಬಿನ ನೀರೂ ಅಲ್ಲೇ ಚಿಮುಕಿಸ್ದೆ. ಆದರೆ ಮೇಲೆಲ್ಲ ಒಣಗೈತಲ್ಲ. ಶಬಾನಾ, ಈಗ ನಿಲ್ಸಿದ್ರೆ ಮೂಸೆ ಹೋಗ್ಬಿಡುತ್ತೆ. ಇರೋದೇ ಒಂದು."

ಹೌದು, ಹೋಗಿಬಿಡುತ್ತಿತ್ತು. ಬಾಗಿಸಿದ ಮೂಸೆಯನ್ನು ಮತ್ತೆ ನೆಟ್ಟಗೆ ಮಾಡಿದರೆ ಲಾವಾ ಒಳಗೇ ಹೆಪ್ಪುಗಟ್ಟಿ ಮೂಸೆಯನ್ನು ಸೀಳುತ್ತದೆ. ಆ ವರ್ಷದ ಕೆಲಸ ಅಲ್ಲಿಗೆ ಮುಗಿಯುತ್ತದೆ. ಅದೆಲ್ಲ ಗೊತ್ತಿತ್ತು. ಆದರೆ ನನಗೆ ಕಾಣುತ್ತಿದ್ದದ್ದು ಚಕ್ರದ ಮೇಲಿದ್ದ ಡೋನಲ್‌ನ ಎರಡು ಕೈ. ಅವನ ಮೊಣಕಾಲಿಗೂ ಆ ಕುಂಕುಮದ ಬೊಟ್ಟಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ.

"ಡೋನಲ್, ನಿಲ್ಲಿಸು. ಕೆಳಗೆ ನೀರಿದೆ. ಎಲ್ಲರೂ ಗೋಡೆ ಹಿಂದೆ ಹೋಗಿ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಕಿರುಚಬೇಕೆಂದುಕೊಂಡಿದ್ದೆ, ದನಿ ಬಂದದ್ದು ಮಾಮೂಲಿನಂತೆ.

ಅಷ್ಟರಲ್ಲಿ ಮೊದಲ ಲಾವಾ ತೊಟ್ಟಿಗೆ ಬಿದ್ದಾಗಿತ್ತು. ಹೆಚ್ಚೇನಲ್ಲ, ಒಂದು ಬೋಗುಣಿಯಷ್ಟು. ಅದು ಮರಳಿನ ಮೇಲೆ ನಾಲಿಗೆ ಚಾಚಿ ಹರಿಯತೊಡಗಿತು, ಇಳಿಜಾರು ಇದ್ದ ಕಡೆಗೆ, ಆ ಮೂಲೆಗೆ. ಓರ್ಲಾ ಅತಿಥಿಗಳನ್ನು ಗೋಡೆಯ ಹಿಂದೆ ತಳ್ಳುತ್ತಿದ್ದಳು. ಡೋನಲ್ ಓಡಿಬರಲಿಲ್ಲ. ಅವನು ಬಿಟ್ಟು ಬಂದರೆ ಮೂಸೆ ತನ್ನ ಭಾರಕ್ಕೆ ಪೂರ್ತಿ ಬಾಗಿ ಇದ್ದಬದ್ದ ಲಾವಾ ಎಲ್ಲ ಕೆಳಗೆ ಸುರಿಯುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಅವನು ಚಕ್ರವನ್ನು ಹಿಂದಕ್ಕೆ ತಿರುಗಿಸತೊಡಗಿದ. ಒಂದು ಸುತ್ತು, ಇನ್ನೊಂದು ಸುತ್ತು. ನಾಲಿಗೆ ಹತ್ತಿರ ಬರುತ್ತಿತ್ತು. ನಾನು ಗೋಡೆಯ ಅಂಚಿನಲ್ಲಿ ನಿಂತು "ಬಾ, ಬಾ" ಎಂದು ಕನ್ನಡದಲ್ಲೇ ಗೊಣಗುತ್ತಿದ್ದೆ. ಅಪ್ಪ ಕಲಿಸಿದ ದುವಾ ಎಲ್ಲ ಮರೆತುಹೋಗಿತ್ತು.

ಆಗ ಲೋಕೇಶ ಓಡಿದ. ಗೋಡೆಯ ಕಡೆಗಲ್ಲ, ಡೋನಲ್‌ನ ಕಡೆಗೆ. ಚಕ್ರಕ್ಕೆ ಅವನೂ ಕೈ ಹಾಕಿದ. ಇಬ್ಬರೂ ಸೇರಿ ತಿರುಗಿಸಿದರು, ಮೂಸೆಯನ್ನು ನೆಟ್ಟಗೆ ಹಿಡಿದಿಡುವ ಕೊಂಡಿ ಬಿದ್ದ ಖಣ್ ಸದ್ದು ಕೇಳಿತು. ಲೋಕೇಶ ಡೋನಲ್‌ನ ಕೋಟಿನ ಕಾಲರು ಹಿಡಿದು ಎಳೆದುಕೊಂಡು ಬಂದ. ಗೋಡೆಯ ಹಿಂದೆ ಬಂದು ಮೂವರೂ ಕುಕ್ಕರಿಸಿದೆವು.

ಏನೂ ಆಗಲಿಲ್ಲ.

ಲಾವಾ ಮೂಲೆಯಲ್ಲಿ ನಿಂತು ಮೇಲೆ ಕಪ್ಪು ಕೆನೆ ಕಟ್ಟುವುದು ಗೋಡೆಯ ಸಣ್ಣ ಗಾಜಿನಿಂದ ಕಾಣುತ್ತಿತ್ತು. ಅತಿಥಿಯೊಬ್ಬರು ಮೆಲ್ಲಗೆ ಕೆಮ್ಮಿದರು. ಇನ್ನೊಬ್ಬರು ರೈಲಿಗೆ ಹೊತ್ತಾಯಿತೇ ಎಂದು ಗಡಿಯಾರ ನೋಡಿದರು. ಗೋಡೆಯ ಆಚೆಯಿಂದ ಮೂಸೆ ಬಿರಿಯುವ ಚಟಚಟ ಸದ್ದು ಬರತೊಡಗಿತು. ಓರ್ಲಾ ನನ್ನ ಕಡೆ ತಿರುಗಿ ನೋಡಿದಳು. ಸೀಸನ್ನೆಲ್ಲ ಹಾಳಾಯಿತು, ಯಾಕೆ ಎಂದು ಆ ನೋಟ ಕೇಳುತ್ತಿತ್ತು. ನನಗೇ ಅನುಮಾನ ಬಂತು. ನೀರು ಕಾಂಕ್ರೀಟಿನಲ್ಲಿ ಇಂಗಿರಬಹುದು, ಆರಿರಬಹುದು. ಒಂದು ಕಾಯಿ ನೀರಿಗೆ ಹೆದರಿ ಎಲ್ಲರ ಬಾಯಿಗೆ ಮಣ್ಣು ಹಾಕಿದೆನೇನೋ. ಡೋನಲ್ ಎದ್ದು ನಿಂತು, "ಸರಿ, ನೋಡಿಕೊಂಡು ಬರುತ್ತೇನೆ," ಎಂದು ಮುಖದ ಗಾಜು ಇಳಿಸಿದ.

ಲೋಕೇಶ ಅವನ ಎರಡೂ ಕಾಲು ತಬ್ಬಿ ಹಿಡಿದ. "ಬೇಡ. ಇನ್ನೊಂದ್ ಸ್ವಲ್ಪ ಇರು. ಪ್ಲೀಸ್, ಇರು."

ಅದು ಸಿಡಿದದ್ದು ಆಗ. ಸದ್ದಿಗಿಂತ ಮೊದಲು ನೆಲ ನಡುಗಿದ್ದು ಗೊತ್ತಾಯಿತು. ಗೋಡೆಗೆ ರಪರಪ ಎಂದು ಏನೋ ಬಡಿಯಿತು, ಮೇಲಿನ ತಗಡಿನಿಂದ ಧೂಳು ಉದುರಿತು. ಧೂಳು ಇಳಿದ ಮೇಲೆ ನೋಡಿದರೆ ತೊಟ್ಟಿಯ ಆ ಮೂಲೆ ಮೇಲಕ್ಕೆ ಸೆಟೆದಿತ್ತು. ಡೋನಲ್ ನಿಂತಿದ್ದ ಜಾಗದ ಹಿಂದಿನ ಹಲಗೆಯಲ್ಲಿ, ಅವನ ಎದೆಯ ಎತ್ತರಕ್ಕೆ, ಲಾವಾ ತಣಿದು ಆದ ಕರಿ ಗಾಜಿನ ಚೂರುಗಳು ಮೊಳೆ ಹೊಡೆದ ಹಾಗೆ ನೆಟ್ಟಿದ್ದವು. ಕೆಲವು ಇನ್ನೂ ಹೊಗೆಯಾಡುತ್ತಿದ್ದವು.

ಆಮೇಲೆ ಓರ್ಲಾ ಕೇಳಿದಳು, "ಅಲ್ಲಿ ನೀರು ಹೇಗೆ ಬಂತು?"

"ನನ್ನಿಂದ," ಎಂದ ಡೋನಲ್ ತಟ್ಟನೆ. "ಬೀಗ ತೆಗೆದವನು ನಾನು. ಟೋಪಿ ತೆಗೆದು ಪಕ್ಕದಲ್ಲಿ ನಿಂತಿದ್ದವನೂ ನಾನೇ. ನಮ್ಮಮ್ಮ ಹೊಸ ಟ್ರ್ಯಾಕ್ಟರಿಗೆ ಬಾವಿಯ ಪವಿತ್ರ ನೀರು ಚಿಮುಕಿಸುತ್ತಿದ್ದಳು. ಇದೂ ಅದೇ ಎಂದುಕೊಂಡೆ. ನೀರು ಎಂದು ಹೊಳೆಯಲೇ ಇಲ್ಲ."

"ಕಾಯಿ ಒಡೆದವನು ನಾನು," ಎಂದ ಲೋಕೇಶ. ನೆಲದ ಮೇಲೆ ಕೂತವನು ಏಳಲಿಲ್ಲ. ಅವನಿಗೂ ಹೊಳೆದಿರಲಿಲ್ಲ. ಬಸಾಲ್ಟೂ ನೀರೂ ಕೂಡಿದರೆ ಏನಾಗುತ್ತದೆ ಎಂದು ದಿನವಿಡೀ ಲೆಕ್ಕ ಹಾಕುವವನಿಗೆ ಕಾಯಿಯೊಳಗಿನದು ನೀರು ಎಂದು ಅನಿಸಿರಲಿಲ್ಲ. ಅದು ತೀರ್ಥ, ಅದು ಒಳ್ಳೆಯದು ಮಾಡುವಂಥದ್ದು. ಇದನ್ನು ಓರ್ಲಾಗೆ ಅರ್ಥ ಮಾಡಿಸುವುದು ಹೇಗೆ ಎಂದು ನನಗೂ ತಿಳಿಯಲಿಲ್ಲ. ಅವಳು ಬಹಳ ಹೊತ್ತು ಆ ಹಲಗೆಯನ್ನೇ ನೋಡುತ್ತಿದ್ದಳು. ನಾಳೆಯಿಂದ ಲೋಕೇಶ ಹಳದಿ ಗೆರೆಯೊಳಗೆ ಕಾಲಿಡಕೂಡದು ಎಂದಳು. ಕೆಲಸದಿಂದ ತೆಗೆಯಲಿಲ್ಲ. ಚಕ್ರಕ್ಕೆ ಅವನೂ ಕೈ ಹಾಕಿದ್ದನ್ನು ಅವಳೂ ನೋಡಿದ್ದಳು.

ಅವನನ್ನು ಅಲ್ಲೇ ಎರಡು ಬಾರಿಸಬೇಕೆಂದು ನನಗೆ ಅನಿಸಿತ್ತು. ಪಾರ್ಕಿಂಗಿನಲ್ಲಿ ಮಳೆಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಅವನು ಒಂದು ಮಾತು ತಿರುಗಿ ಆಡಲಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಆಮೇಲೆ ಹಲವು ವಾರ ಮಾತು ಬಿಟ್ಟೆ. ಚಳಿಗಾಲ ಬಂತು, ಕುಲುಮೆ ತಣ್ಣಗಿತ್ತು, ನಾವಿಬ್ಬರೂ ಒಂದೇ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತು ಹಳೆಯ ಪ್ರಯೋಗಗಳ ಚೂರುಗಳನ್ನು ಅಳೆಯುತ್ತಿದ್ದೆವು. ಆ ದಿನದ ಚೂರುಗಳನ್ನೂ ಅಳೆಯೋಣವೇ ಎಂದು ಯಾರೋ ಕೇಳಿದರು. ಎಷ್ಟು ನೀರು ಎಂದು ಕೇಳಿದರೆ ಒಂದು ಕಾಯಿ ಎಂದು ಬರೆಯುವುದೇ ಎಂದಳು ಓರ್ಲಾ. ಆ ಕೋಣೆಯಲ್ಲಿ ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು. ಲೋಕೇಶ ಮಾತ್ರ ನಗಲಿಲ್ಲ.

ಡೋನಲ್‌ನ ಮಗಳ ಮದುವೆಗೆ ನಮ್ಮಿಬ್ಬರಿಗೂ ಕರೆ ಬಂದಿತ್ತು. ಚರ್ಚಿನಲ್ಲಿ ಅವನು ಮಗಳ ಕೈ ಹಿಡಿದು, ಶೆಡ್ಡಿನಲ್ಲಿ ನನ್ನ ಜೊತೆ ಅಭ್ಯಾಸ ಮಾಡಿದ್ದಕ್ಕಿಂತ ಬಹಳ ನಿಧಾನ ನಡೆದುಬಂದ. ನಮ್ಮ ಸಾಲಿನ ಹತ್ತಿರ ಬಂದಾಗ ಲೋಕೇಶನ ಹೆಗಲಿಗೆ ಒಮ್ಮೆ ತಟ್ಟಿ ಮುಂದೆ ಹೋದ. ಲೋಕೇಶ ಎದ್ದು ಹೊರಗೆ ಹೋಗಿಬಿಟ್ಟ. ನಾನು ಹಿಂದೆಯೇ ಹೋದೆ. ಗೋಡೆಗೆ ಮುಖ ಮಾಡಿ ಬಿಕ್ಕಿಬಿಕ್ಕಿ ಅಳುತ್ತಿದ್ದ.

"ಅಮ್ಮನಿಗೆ ಇನ್ನೂ ಹೇಳಿಲ್ಲ," ಎಂದ. "ಹೇಳಿದ್ರೆ, ಕಾಯಿ ಒಡೆದಿದ್ದಕ್ಕೇ ಯಾರಿಗೂ ಏನೂ ಆಗ್ಲಿಲ್ಲ ಅಂತಾರೆ."

"ಅನ್ಲಿ ಬಿಡು," ಎಂದೆ. "ಒಳಗ ನಡಿ, ಮಳಿ ಬರಾಕತ್ತದ." ನಾವು ಮಾತು ಕೂಡಿಸಿದ್ದು ಹಾಗೆ.

ಮುಂದಿನ ಶರತ್ಕಾಲದಲ್ಲಿ ಹೊಸ ಮೂಸೆ ಬಂತು, ತೊಟ್ಟಿಯ ತೂತಿಗೆ ಉಕ್ಕಿನ ಮುಚ್ಚಳ ಬಂತು, ಗೆರೆಯೊಳಗೆ ಬರಲು ಲೋಕೇಶನಿಗೆ ಮತ್ತೆ ಒಪ್ಪಿಗೆ ಸಿಕ್ಕಿತು. ಕುಲುಮೆ ಹಚ್ಚುವ ಹಿಂದಿನ ದಿನ ಡೋನಲ್ ಚಹಾ ಕೋಣೆಗೆ ಬಂದು, "ಈ ವರ್ಷ ಆ ಕಾಯಿ ಇಲ್ಲವೇ?" ಎಂದು ಕೇಳಿದ. ಲೋಕೇಶನ ಮುಖ ಬಿಳುಚಿಕೊಂಡಿತು, ಬೇಡ ಎಂದು ತಲೆ ಅಲ್ಲಾಡಿಸಿದ. ಡೋನಲ್ ಗದ್ದ ತುರಿಸಿಕೊಂಡು, "ನೀರಿಲ್ಲದ್ದು ಒಂದು ಸಿಗುವುದಿಲ್ಲವೇ?" ಎಂದ.

ತಿಪಟೂರಿನವನನ್ನು ಕೇಳುವ ಮಾತೇ ಅದು. ಅವರ ಊರಿನ ಬದುಕೇ ಉಂಡೆ ಕೊಬ್ಬರಿ. ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರೆಲ್ಲ ಬತ್ತುತ್ತದೆ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಲೋಕೇಶ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ. ಆ ಸಲ ಪೂಜೆ ಕುಂಕುಮಕ್ಕೇ ಮುಗಿಯಿತು. ಅದರ ಮುಂದಿನ ವರ್ಷದಿಂದ ಅವನ ತಾಯಿ ಊರಿಗೆ ಹೋಗಿಬರುವವರ ಕೈಯಲ್ಲಿ ಚಿಪ್ಪು ಸಮೇತ ಒಂದು ಉಂಡೆ ಕೊಬ್ಬರಿ ಕಳಿಸುತ್ತಾರೆ. ಅದನ್ನು ಯಾರೂ ಒಡೆಯುವುದಿಲ್ಲ. ಹಳದಿ ಗೆರೆಯ ಹೊರಗೆ, ಬಾಗಿಲ ಮೇಲಿನ ಹಲಗೆಯಲ್ಲಿ ಇಡುತ್ತಾರೆ. ಆ ಹಲಗೆಯೂ ಅದೇ, ಗಾಜಿನ ಚೂರುಗಳು ನೆಟ್ಟಿದ್ದ ಹಲಗೆ, ಅಲ್ಲಿಂದ ಕಿತ್ತು ತಂದು ಇಲ್ಲಿ ಹೊಡೆದದ್ದು. ಚೂರು ಕಿತ್ತ ಗುರುತು ಇನ್ನೂ ಇದೆ.

ಇವತ್ತೂ ಹಾಗೆಯೇ ಆಯಿತು. ಡೋನಲ್ ಈಗ ನಿವೃತ್ತ, ಮೊಮ್ಮಗಳನ್ನು ಹೊರಗೆ ಕಾರಿನಲ್ಲಿ ಮಗಳ ಹತ್ತಿರ ಬಿಟ್ಟು ಇದಕ್ಕೆಂದೇ ಬಂದಿದ್ದ. ಈಗ ಕುಲುಮೆ ನೋಡಿಕೊಳ್ಳುವ ಲೋಕೇಶ ಚೀಲದಿಂದ ಈ ವರ್ಷದ ಕೊಬ್ಬರಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಕಣ್ಣು ಮುಚ್ಚಿ ಕೇಳಿದ. ಆಮೇಲೆ ಡೋನಲ್‌ಗೆ ಕೊಟ್ಟ. ಡೋನಲ್ ಟೋಪಿ ತೆಗೆದು ಅಲ್ಲಾಡಿಸಿ, "ಗ್ರಾಂಡ್," ಎಂದು ನನಗೆ ಕೊಟ್ಟ. ಮೂವರೂ ಕೇಳಿದ ಮೇಲೆಯೇ ಇಲ್ಲಿ ಕುಲುಮೆ ಹಚ್ಚುವುದು. ನಾನು ಅಲ್ಲಾಡಿಸಿದೆ. ಗಡಗಡ ಎಂದಿತು, ಬೇರೆ ಸದ್ದೇನೂ ಇರಲಿಲ್ಲ.

"ನೀರೈತಾ?" ಎಂದು ಕೇಳಿದ ಲೋಕೇಶ.

"ಇಲ್ಲೋ."

ಅವನು ಬೆಂಕಿಕಡ್ಡಿ ಹಿಡಿದವನಂತೆ ಕುಲುಮೆ ಹಚ್ಚುವ ಬಟನ್ನಿನ ಮೇಲೆ ಬೆರಳಿಟ್ಟು ನಿಂತಿದ್ದ. ಒತ್ತಲಿಲ್ಲ. ಅವತ್ತು ಡೋನಲ್ ನಿಂತಿದ್ದ ಜಾಗವನ್ನು ಒಮ್ಮೆ ನೋಡಿದ, ನನ್ನನ್ನು ನೋಡಿದ.

"ಇನ್ನೊಂದ್ಸಲ ಅಲ್ಲಾಡ್ಸು," ಎಂದ.